ಎರಡು ನಲ್ಲಿಯ ತೊಟ್ಟಿ

ಕಾಲರಕ್ಕನಿಗೆ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತನಾಲ್ಕು ಬಂದಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನು ಓದಿದವರು ‘ಪಾಪ, ಓದುಬರಹ ಇಲ್ಲದವಳು’ ಎಂದು ನಿಟ್ಟುಸಿರು ಬಿಡುವ ಸಂಭವವಿದೆ. ಆ ನಿಟ್ಟುಸಿರಿಗೆ ಇಲ್ಲಿ ಕೆಲಸವಿಲ್ಲ. ಎಂಟು ಜನ ಹನ್ನೆರಡು ದಿನದಲ್ಲಿ ಕಟ್ಟುವ ಗೋಡೆಯನ್ನು ಆರು ಜನ ಎಷ್ಟು ದಿನದಲ್ಲಿ ಕಟ್ಟುತ್ತಾರೆ, ಉದ್ದನೆಯ ರೈಲು ಉದ್ದನೆಯ ಸೇತುವೆಯನ್ನು ಎಷ್ಟು ಹೊತ್ತಿನಲ್ಲಿ ದಾಟುತ್ತದೆ, ಎಲ್ಲವನ್ನೂ ಅವಳು ಬೆರಳು ಮಡಿಸದೆ ಹೇಳುತ್ತಿದ್ದಳು. ಸರ್ಕಾರಿ ಶಾಲೆಯ ಹಂಚಿನ ಕೋಣೆಯಲ್ಲಿ ಕೊನೆಯ ಬೆಂಚು ಅವಳದು. ಗಣಿತದ ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ಲಸಾಅ ಟೀಚರ್’. ಎರಡು ಸಂಖ್ಯೆ ಕಂಡರೆ ಸಾಕು, ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯ ಕೇಳದೆ ಆಕೆ ಬಿಡುತ್ತಿರಲಿಲ್ಲ.

ಒಂದೇ ಒಂದು ಸಲ ಟೀಚರಿಗೂ ಅವಳಿಗೂ ಚಕಮಕಿ ನಡೆದಿತ್ತು. ತೊಟ್ಟಿಯ ಲೆಕ್ಕ. ಒಂದು ತೊಟ್ಟಿಗೆ ಎರಡು ನಲ್ಲಿ ನೀರು ಬಿಡುತ್ತವೆ, ತಳದ ಒಂದು ತೂತಿನಿಂದ ನೀರು ಹೋಗುತ್ತದೆ, ತೊಟ್ಟಿ ಯಾವಾಗ ತುಂಬುತ್ತದೆ? ಉತ್ತರ ಬರೆದು ಮುಗಿಸಿ ಹುಡುಗಿ ಎದ್ದು ನಿಂತು ಕೇಳಿದಳು:

“ತೊಟ್ಟಿ ಯಾರದು ಟೀಚರ್?”

“ಲೆಕ್ಕಕ್ಕೆ ಬೇಡದ ಪ್ರಶ್ನೆ. ಕೂತ್ಕೋ.”

“ಅಲ್ಲ, ತೂತು ಇರೋದು ಗೊತ್ತಿದ್ದೂ ನೀರು ಬಿಡ್ತಾರಲ್ಲ, ಯಾರಪ್ಪ ಅಂತ...”

“ಕೂತ್ಕೋ ಅಂದೆ.”

ಕೂತಳು. ಆ ಶಾಲೆಯ ಗೋಡೆಯ ಮೇಲೆ ‘ಹನಿ ಹನಿ ಗೂಡಿದರೆ ಹಳ್ಳ’ ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಯಾವ ಹನಿ, ಎಲ್ಲಿಯ ಹಳ್ಳ ಎಂಬುದನ್ನು ಯಾವ ತರಗತಿಯಲ್ಲೂ ಯಾರೂ ಹೇಳಲಿಲ್ಲ.

ಶಾಲೆ ಬಿಟ್ಟ ಮೇಲೆ ಮದುವೆ, ಮಗಳು, ಅನಂತರ ಸಿದ್ಧ ಉಡುಪಿನ ಕಾರ್ಖಾನೆ. ಅಂಗಿಯಲ್ಲಿ ಕಷ್ಟದ ಭಾಗವೆಂದರೆ ಕಾಲರು. ಒಳಗಿನ ಗಟ್ಟಿ ಬಟ್ಟೆ ಸುಕ್ಕಾಗದಂತೆ ಹೊಲಿದು, ತಿರುವಿ, ಎರಡು ತುದಿಗಳನ್ನೂ ಒಂದೇ ಅಳತೆಗೆ ತರಬೇಕು. ಒಂದು ತುದಿ ಕೂದಲೆಳೆಯಷ್ಟು ಉದ್ದವಾದರೂ ಅಂಗಿ ಹಾಕಿದವನು ದಿನವಿಡೀ ಯಾರನ್ನೋ ಓರೆಗಣ್ಣಿನಲ್ಲಿ ನೋಡುತ್ತಿರುವಂತೆ ಕಾಣುತ್ತಾನೆ. ಇವಳ ಕೈಯಲ್ಲಿ ಕಾಲರು ಕನ್ನಡಿ ಹಿಡಿದಂತೆ ಸಮವಾಗಿ ಬರುತ್ತಿತ್ತು. ಹಾಗೆ ಹುಟ್ಟಿದ ಹೆಸರು ಕಾಲರಕ್ಕ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಆ ಕಾರ್ಖಾನೆಯಲ್ಲಿ ‘ಕೊಯ್ಲು’ ಎಂಬ ಒಂದು ಪದ್ಧತಿಯಿತ್ತು. ತಿಂಗಳ ಸಂಬಳದಲ್ಲಿ ಒಂದು ಪಾಲು ಭವಿಷ್ಯ ನಿಧಿಗೆಂದು ಹಿಡಿಯುತ್ತಿದ್ದರು. ಕೆಲಸ ಬಿಟ್ಟರೆ ಆ ಗಂಟು ಕೈಗೆ ಬರುತ್ತಿತ್ತು. ಆದ್ದರಿಂದ ಐದು ವರ್ಷ ಮುಗಿಯುವ ಸ್ವಲ್ಪ ಮೊದಲು ಹೆಂಗಸರು ರಾಜೀನಾಮೆ ಕೊಡುವರು, ಗಂಟು ಬಿಚ್ಚಿಕೊಳ್ಳುವರು, ಒಂದು ತಿಂಗಳು ಮನೆಯಲ್ಲಿದ್ದು ಹೊಸ ಹಾಜರಿ ನಂಬರು ತೆಗೆದುಕೊಂಡು ಅದೇ ಯಂತ್ರದ ಮುಂದೆ ಬಂದು ಕೂರುವರು. ಹೊಸ ನಂಬರಿನವರಿಗೆ ಹೊಸಬರ ಕೂಲಿ. ಹದಿನಾಲ್ಕು ವರ್ಷ ಕಾಲರು ತಿರುವಿದವಳಿಗೂ ನಿನ್ನೆ ಸೂಜಿ ಹಿಡಿದವಳಿಗೂ ಒಂದೇ. ಅದನ್ನು ಯಾರೂ ಕೇಳುತ್ತಿರಲಿಲ್ಲ. ಕೊಯ್ಲಿನ ದಿನ ಹೊಲಿಗೆ ಯಂತ್ರಗಳ ಇಡೀ ಸಾಲಿಗೆ ಸಿಹಿ ಹಂಚಿ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕೂತ ಕೊಂಬೆಯನ್ನೇ ಕಡಿದು ಸಿಹಿ ಹಂಚುವ ಜನ ಲೋಕದಲ್ಲಿ ಬೇರೆಲ್ಲೂ ಇದ್ದಾರೋ ಇಲ್ಲವೋ ತಿಳಿಯದು.

ಕಾಲರಕ್ಕನದು ಆಗಲೇ ಎರಡು ಕೊಯ್ಲು ಆಗಿತ್ತು. ಮೊದಲನೆಯದು ಫ್ರಿಜ್ಜಾಗಿ ಮನೆಗೆ ಬಂತು. ಎರಡನೆಯದು ಸೋಫಾ. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು. ಗೋಡೆಗೆ ಬಣ್ಣ ಬಳಿಯುವ ಗಂಡ ಅದರ ನಾಲ್ಕು ಕಾಲನ್ನೂ ಗರಗಸದಿಂದ ಕತ್ತರಿಸಿ ಒಳಗೆ ತಂದ. ಅಂದಿನಿಂದ ಅದರ ಮೇಲೆ ಕೂತವರ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು.

ಈಗ ಮೂರನೆಯ ಕೊಯ್ಲಿನ ಕಾಲ. ಈ ಸಲ ಫ್ರಿಜ್ಜೂ ಅಲ್ಲ, ಸೋಫಾನೂ ಅಲ್ಲ. ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ತಿಂಗಳೊಳಗೆ ಶುಲ್ಕ ಕಟ್ಟದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಕಾಲರಕ್ಕ ಎರಡನೆಯ ಮಾತಿಲ್ಲದೆ ರಾಜೀನಾಮೆಗೆ ಸಹಿ ಹಾಕಿದಳು. ಅವಳ ಜೊತೆಗೇ ಸೇರಿದ ಸಾಲಿನ ಹತ್ತಾರು ಹೆಂಗಸರೂ ಹಾಕಿದರು. ಪತ್ರಗಳು ಸೂಪರ್‌ವೈಸರನ ಮೇಜಿನ ಖಾನೆ ಸೇರಿದವು. ಮಾತುಮಾತಿಗೆ ಕೈಗಡಿಯಾರ ನೋಡುವ ಅವನಿಗೆ ‘ಗಡಿಯಾರ’ ಎಂದೇ ಹೆಸರು. ಶುಕ್ರವಾರ ಸಂಜೆ ಮ್ಯಾನೇಜರು ಬಂದು ಎಲ್ಲದಕ್ಕೂ ರುಜು ಹಾಕುವುದೆಂದಾಯಿತು.

ಮಂಗಳವಾರ ಅವಳು ಅರ್ಧ ದಿನ ರಜೆ ಹಾಕಿ ಮಗಳ ವರ್ಗಾವಣೆ ಪತ್ರಕ್ಕೆಂದು ಶಾಲೆಗೆ ಹೋದಳು. ಮಗಳು ಪಿಯುಸಿಯವರೆಗೂ ಓದಿದ್ದು ಅದೇ ಶಾಲೆಯಲ್ಲಿ. ಕಚೇರಿಯ ಗುಮಾಸ್ತ ಊಟಕ್ಕೆ ಹೋಗಿದ್ದ. ಖಾಲಿ ತರಗತಿಯಲ್ಲಿ ಲಸಾಅ ಟೀಚರ್ ಉತ್ತರಪತ್ರಿಕೆ ತಿದ್ದುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಮಾತ್ರ ಹಾಗೇ ಇತ್ತು.

“ತೊಂಬತ್ತನಾಲ್ಕು,” ಎಂದರು ಆಕೆ, ತಲೆ ಎತ್ತಿ. ಹೆಸರು ನೆನಪಿರಲಿಲ್ಲ, ಅಂಕ ನೆನಪಿತ್ತು. “ಏನ್ ಮಾಡ್ತಿದೀಯ ಈಗ?”

“ಕಾಲರ್ ಹೊಲಿತೀನಿ ಟೀಚರ್.”

“ಮಗಳು ಸೀಟು ತಗೊಂಡ್ಳಂತೆ. ಫೀಸಿಗೇನು ದಾರಿ?”

“ಕೊಯ್ಲಿದೆ ಟೀಚರ್.”

“ಹೊಲ ಇದೆಯೇನೇ ನಿಂಗೆ?”

ಕಾಲರಕ್ಕ ನಕ್ಕು, ಕೊಯ್ಲು ಎಂದರೆ ಏನೆಂದು ವಿವರಿಸಿದಳು. ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. ಅದು ಒಳ್ಳೆಯ ಸೂಚನೆಯಲ್ಲ ಎಂದು ಹಳೆಯ ವಿದ್ಯಾರ್ಥಿನಿಗೆ ಗೊತ್ತಿತ್ತು.

“ಐದು ವರ್ಷಕ್ಕೆ ಸ್ವಲ್ಪ ಮೊದಲೇ ಯಾಕೆ? ಐದು ಮುಗಿಸಿ ಯಾಕಲ್ಲ?”

“ಎಲ್ಲಾರೂ ಹಾಗೇ ಮಾಡೋದು.”

“ಎಲ್ಲಾರೂ ಅನ್ನೋದು ಉತ್ತರ ಅಲ್ಲ. ಆಮೇಲೆ ಹೊಸಬರ ಕೂಲಿ. ಯಾಕೆ?”

“ನಂಬರ್ ಹೊಸದಲ್ವಾ.”

“ಕೈ ಹೊಸದಾ?”

ಕಾಲರಕ್ಕ ತನ್ನ ಕೈ ನೋಡಿಕೊಂಡಳು. ತೋರುಬೆರಳ ತುದಿ ಕಾಲರು ತಿರುವಿ ತಿರುವಿ ಚಪ್ಪಟೆಯಾಗಿತ್ತು. ಟೀಚರ್ ಎದ್ದು ಹಲಗೆಯ ಮೇಲೆ ಒಂದು ಚೌಕ ಬರೆದರು, ಮೇಲೆ ಒಂದು ನಲ್ಲಿ.

“ಇದು ನಿನ್ನ ಸಂಬಳದಿಂದ ಹಿಡಿಯೋದು. ಹಿಡಿದಷ್ಟೇ ಬರುತ್ತೋ, ಜಾಸ್ತಿ ಬರುತ್ತೋ?”

“ಜಾಸ್ತಿ ಬರುತ್ತೆ. ಡಬಲ್‌ಗಿಂತ ಒಂಚೂರು ಮೇಲೆ. ಅದಕ್ಕೇ ಅಲ್ವಾ ಸಿಹಿ ಹಂಚೋದು!”

ಟೀಚರ್ ಕೈಯಲ್ಲಿದ್ದ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಚೌಕದ ಇನ್ನೊಂದು ಬದಿಗೆ ಮತ್ತೊಂದು ನಲ್ಲಿ ಬರೆದರು.

“ಹಾಗಾದ್ರೆ ಎರಡನೇ ನಲ್ಲಿ ಯಾರದು?”

ಇಬ್ಬರೂ ಹಲಗೆ ನೋಡುತ್ತ ನಿಂತರು. ಈ ತೊಟ್ಟಿಯನ್ನು ಕಾಲರಕ್ಕ ಎಷ್ಟು ಸಲ ತುಂಬಿಸಿದ್ದಳು! ಉತ್ತರ ಯಾವತ್ತೂ ತಪ್ಪಿರಲಿಲ್ಲ. ಆದರೆ ಅದು ತನ್ನದೇ ತೊಟ್ಟಿಯೆಂದು, ತುಂಬುವ ಹೊತ್ತಿಗೆ ಸರಿಯಾಗಿ ಐದೈದು ವರ್ಷಕ್ಕೊಮ್ಮೆ ತಾನೇ ಬಿರಡೆ ಕೀಳುತ್ತಿದ್ದೇನೆಂದು ಹೊಳೆದಿರಲಿಲ್ಲ.

“ಕಾರ್ಖಾನೆಯೋರು ಹಾಕ್ತಾರಾ ಟೀಚರ್?”

“ಗೊತ್ತಿಲ್ಲ. ನನ್ನ ಸಂಬಳದಲ್ಲೂ ಹಿಡೀತಾರೆ. ಅದನ್ನೆಲ್ಲ ನಮ್ಮಣ್ಣ ನೋಡ್ಕೊಳ್ತಾನೆ. ನನ್ನ ತೊಟ್ಟೀಲಿ ನೀರೆಷ್ಟಿದೆ ಅಂತ ನಂಗೇ ಗೊತ್ತಿಲ್ಲ, ನಿಂದು ಏನು ಹೇಳ್ಲಿ?” ಟೀಚರ್ ಸೀಮೆಸುಣ್ಣದ ಪುಡಿ ಕೊಡವಿದರು. “ಗೊತ್ತಿಲ್ಲದ್ದನ್ನ ಗೊತ್ತಿರೋರ ಹತ್ರ ಕೇಳ್ಬೇಕು. ನಾಳೆ ಬೆಳಿಗ್ಗೆ ನಿಧಿ ಕಚೇರಿ ಬಾಗಿಲಿಗೆ ಬಾ. ತಡ ಮಾಡಬೇಡ.”

ನಿಧಿ ಕಚೇರಿಯ ಕಿಟಕಿಯ ಹಿಂದೆ ಒಬ್ಬ ಅಧಿಕಾರಿ ಕನ್ನಡಕದ ಮುರಿದ ಕಾಲಿಗೆ ದಾರ ಸುತ್ತುತ್ತ ಕೂತಿದ್ದ. ಕಾಲರಕ್ಕ ಹಿಂದಿನ ಎರಡು ಕೊಯ್ಲಿಗೂ ಈ ಕಿಟಕಿಗೆ ಬಂದಿದ್ದಳು. ಆಗೆಲ್ಲ ಕೇಳಿದ್ದು ಒಂದೇ, ದುಡ್ಡು ಯಾವಾಗ ಬರುತ್ತೆ ಎಂದು. ಈ ಸಲ ಕಿಟಕಿಯ ಮುಂದೆ ಸೆರಗು ಸರಿಮಾಡುತ್ತ ನಿಂತಳು. ಟೀಚರ್ ಹಿಂದಿನಿಂದ ಅವಳ ಬೆನ್ನಿಗೆ ಕೊಡೆಯ ಹಿಡಿಯಿಂದ ಚುಚ್ಚಿದರು.

“ಸಾರ್, ಇದರಲ್ಲಿ ಎರಡನೇ ನಲ್ಲಿ ಯಾರದು?”

“ಏನಮ್ಮಾ? ನೀರಿನ ಕಚೇರಿ ಆ ಕಡೆ.”

“ಅಲ್ಲ ಸಾರ್. ನಾನು ಹಾಕೋದಕ್ಕಿಂತ ಜಾಸ್ತಿ ಬರುತ್ತಲ್ಲ, ಅದನ್ನ ಯಾರು ಹಾಕ್ತಾರೆ ಅಂತ.”

ಅಧಿಕಾರಿ ದಾರ ಸುತ್ತುವುದನ್ನು ನಿಲ್ಲಿಸಿ ಅವಳನ್ನು ನೋಡಿದ. “ನೀವು ಹಾಕಿದಷ್ಟೇ ನಿಮ್ಮ ಮಾಲೀಕರೂ ಹಾಕ್ತಾರೆ. ಅದರ ಮೇಲೆ ಬಡ್ಡಿ, ಬಡ್ಡಿಗೂ ಬಡ್ಡಿ. ಈ ಕಿಟಕಿಗೆ ‘ಯಾವಾಗ ಬರುತ್ತೆ’ ಅಂತ ಕೇಳೋರೇ ಬರೋದು. ‘ಎಲ್ಲಿಂದ ಬರುತ್ತೆ’ ಅಂತ ಕೇಳಿದೋರು ನೀವೇ ಮೊದಲು.”

“ಐದು ವರ್ಷ ಮುಗಿಸಿದ್ರೆ ಏನಾಗುತ್ತೆ?” ಎಂದರು ಟೀಚರ್.

“ಐದು ಮುಗಿದ್ರೆ ಇದಲ್ಲದೆ ಗ್ರಾಚ್ಯುಟಿ ಅಂತ ಬೇರೆ ಸೇವಾಧನದ ಹಕ್ಕು ಬರುತ್ತೆ. ಯಾವತ್ತು ಕೆಲಸ ಬಿಟ್ರೂ, ದುಡಿದ ಒಂದೊಂದು ವರ್ಷಕ್ಕೂ ಇಷ್ಟು ಅಂತ ಮಾಲೀಕರೇ ಕೊಡಬೇಕು. ಹಳೇ ನಂಬರ್ ಉಳಿದ್ರೆ ಕೂಲಿನೂ ವರ್ಷಾವರ್ಷ ಏರುತ್ತೆ.”

“ನಾನು ಎರಡು ಸಲ ಐದಕ್ಕೆ ಮೊದಲೇ ಬಿಟ್ಟೆ,” ಎಂದಳು ಕಾಲರಕ್ಕ.

“ಎಲ್ಲಾರೂ ಬಿಡ್ತಾರೆ.”

“ನೀವು ಹೇಳಬಾರದಿತ್ತಾ ಸಾರ್?”

“ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.” ಅದರಲ್ಲಿ ತಪ್ಪಿದೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿರಲಿಲ್ಲ. ಆದರೂ ಮುಂದೆ ಬಾಗಿ ಕೇಳಿದ: “ಈಗ ಯಾಕೆ ಬಿಡ್ತಿದೀರಿ? ಮದುವೇನಾ?”

“ಮಗಳ ಓದು.”

“ಓದಿಗಾದ್ರೆ ಕೆಲಸ ಬಿಡೋದ್ಯಾಕೆ? ಕೆಲಸದಲ್ಲಿದ್ದೇ ನಿಧಿಯಿಂದ ಒಂದು ಪಾಲು ತಗೋಬಹುದು. ಸಾಲ ಅಲ್ಲ, ನಿಮ್ದೇ ದುಡ್ಡು. ನಿಮ್ಮ ಲೆಕ್ಕಕ್ಕೆ ಮೊದಲ ವರ್ಷದ ಫೀಸು ಆರಾಮಾಗಿ ಆಗುತ್ತೆ.”

“ಒಂದು ಕೊಡ ತುಂಬಿಕೋ, ಬಿರಡೆ ಕೀಳಬೇಡ ಅಂತಾರೆ,” ಎಂದರು ಟೀಚರ್, ಸಮಾಧಾನದಿಂದ.

“ಆದ್ರೆ ಸಾರ್, ರಾಜೀನಾಮೆಗೆ ಸಹಿ ಹಾಕಿ ಕೊಟ್ಟಾಗಿದೆ.”

“ಮ್ಯಾನೇಜರ್ ರುಜು ಬಿತ್ತಾ?”

“ಶುಕ್ರವಾರ ಸಂಜೆ.”

“ಹಾಗಾದ್ರೆ ಶುಕ್ರವಾರ ಸಂಜೆವರೆಗೆ ಪತ್ರ ನಿಮ್ದೇ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ.”

ಮನೆಗೆ ಬಂದು ಹೇಳಿದಾಗ ಗಂಡ ಕಾಲಿಲ್ಲದ ಸೋಫಾದಲ್ಲಿ ಕೂತು ಕುಂಚ ತೊಳೆದ ಕೈ ಒರೆಸಿಕೊಳ್ಳುತ್ತಿದ್ದ. “ಕೈಗೆ ಬಂದದ್ದೇ ದುಡ್ಡು, ಮಿಕ್ಕಿದ್ದೆಲ್ಲ ಕಾಗದ,” ಎಂದ. “ಗಾಳಿ ಬಂದಾಗ ತೂರಿಕೋಬೇಕು ಕಣೇ.”

“ತೂರಿ ತೂರಿ ಹೊಟ್ಟು ಉಳಿಸ್ಕೊಂಡು ಕಾಳು ಬಿಟ್ವಿ. ನೀವು ಕೂತಿರೋದು ಏನು ಗೊತ್ತಾ? ನನ್ನ ಐದು ವರ್ಷ.”

ಅವನು ಏಳಲು ಹೋದ. ಆ ಸೋಫಾದಿಂದ ಏಳುವುದು ಸುಲಭವಲ್ಲ. ಮಗಳು ಕೈ ಹಿಡಿದು ಎಬ್ಬಿಸಬೇಕಾಯಿತು. ನಿಂತ ಮೇಲೆ ಅದನ್ನೊಮ್ಮೆ ತಿರುಗಿ ನೋಡಿ, “ಕಾಲಾದ್ರೂ ಇಟ್ಟಿದ್ದಿದ್ರೆ ಮಾರಬಹುದಿತ್ತು,” ಎಂದ. ಒಪ್ಪಿಗೆಯನ್ನು ಅವನು ಹೇಳುವ ರೀತಿ ಅದು.

ಆದರೆ ಗಂಡ ಒಪ್ಪಿದಷ್ಟು ಸುಲಭವಾಗಿ ಸಾಲಿನವರು ಒಪ್ಪಲಿಲ್ಲ. ಗುರುವಾರ ಊಟದ ಹೊತ್ತಿನಲ್ಲಿ ಅವಳು ವಿಷಯ ತೆಗೆದಾಗ ಮೊದಲು ಹರಿಹಾಯ್ದವಳು ಗುಂಡಿಯಮ್ಮ. ಅಂಗಿಗೆ ಗುಂಡಿ ಹಚ್ಚುವವಳು, ಇಡೀ ಸಾಲಿನ ನಾಲಿಗೆ ಅವಳು.

“ಬಂದಳಪ್ಪಾ ಹಣಕಾಸು ಮಂತ್ರಿ! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಾಳೆ. ಐದು ವರ್ಷ ಆದ್ಮೇಲೆ ಕೊಡ್ತಾರಂತೆ, ಹತ್ತು ವರ್ಷ ಆದ್ಮೇಲೆ ಕೊಡ್ತಾರಂತೆ. ಅಷ್ಟರಲ್ಲಿ ಕಾರ್ಖಾನೇನೇ ಮುಚ್ಚಿದ್ರೆ?”

“ಮುಚ್ಚಿದ್ರೂ ನಿಧಿ ಕಾರ್ಖಾನೇಲಿ ಇಲ್ಲ ಕಣೆ, ಸರ್ಕಾರದ ಕಚೇರೀಲಿದೆ. ನಾನೇ ಹೋಗಿ ಕೇಳ್ಕೊಂಡು ಬಂದೆ.”

“ಬಡ್ಡಿಗೂ ಬಡ್ಡಿ ಅಂತೆ! ಅದು ಸಾಲ ಕೊಡೋರಿಗೆ ಸಿಗೋದು, ನಮಗಲ್ಲ.”

ಎಲ್ಲರೂ ನಕ್ಕರು. ಕಾಲರಕ್ಕ ತೊಟ್ಟಿ, ನಲ್ಲಿ, ತೂತು ಎಲ್ಲ ಹೇಳಿದಳು. ಅರ್ಧ ಜನ ಆಕಳಿಸಿದರು. ಶಾಲೆಯಲ್ಲಿ ಅವರಿಗೆ ನಿದ್ದೆ ತರಿಸಿದ್ದು ಇದೇ ತೊಟ್ಟಿ, ಈಗಲೂ ಅದೇ ಕೆಲಸ ಮಾಡಿತು. ಗಂಟೆ ಬಾರಿಸಿತು. ಅವಳು ಸೋತಂತೆ ಯಂತ್ರಕ್ಕೆ ಹಿಂತಿರುಗಿದಳು. ಒಬ್ಬಳೇ ಪತ್ರ ವಾಪಸು ಕೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು: ಕಾಲರಿನಿಂದ ಎತ್ತಿ ದಾರ ಕತ್ತರಿಸುವ ಮೂಲೆಗೆ ಹಾಕುವರು. ಒಬ್ಬಳನ್ನು ಎತ್ತಬಹುದು, ಇಡೀ ಸಾಲನ್ನು ಎತ್ತಲಾಗದು.

ಶುಕ್ರವಾರ ಬೆಳಿಗ್ಗೆ ಅವಳು ತೊಟ್ಟಿಯ ಲೆಕ್ಕವನ್ನು ಶಾಲೆಗೇ ಬಿಟ್ಟು ಕೆಲಸಕ್ಕೆ ಬಂದಳು. ಊಟದ ಗಂಟೆಯಾದ ಮೇಲೆ ತಪಾಸಣೆಯ ಮೇಜಿನಿಂದ ಒಂದು ಅಂಗಿ ಎತ್ತಿಕೊಂಡು ಗುಂಡಿಯಮ್ಮನ ಮುಂದೆ ಹರಡಿದಳು. ಒಳ್ಳೆಯ ಅಂಗಿ. ತೋಳು, ಜೇಬು, ಕಾಲರು ಎಲ್ಲ ಸರಿ. ಮೇಲಿನ ಒಂದು ಗುಂಡಿ ಇರಲಿಲ್ಲ.

“ಇದನ್ನ ಪಾಸ್ ಮಾಡ್ತೀಯಾ?”

“ಹುಚ್ಚಾ? ರಿಜೆಕ್ಟು.”

“ಒಂದೇ ಗುಂಡಿ ತಾನೇ ಇಲ್ಲ? ಬಾಕಿ ಎಲ್ಲ ಹೊಲಿದಾಗಿದೆಯಲ್ಲ.”

“ಗುಂಡಿ ಇಲ್ಲದ ಅಂಗಿಗೆ ಯಾವನು ದುಡ್ಡು ಕೊಡ್ತಾನೆ? ಅಷ್ಟೂ ಹೊಲಿದಿದ್ದು ದಂಡ.”

“ನಾಲ್ಕು ವರ್ಷ ಹತ್ತು ತಿಂಗಳು ಹೊಲಿದು, ಕೊನೇ ಗುಂಡಿ ಹಾಕೋ ಮುಂಚೆ ನಾವೇ ರಿಜೆಕ್ಟ್ ಬುಟ್ಟಿಗೆ ಹಾಕ್ತಿದೀವಿ. ಒಂದು ಸಲ ಅಲ್ಲ. ನಂದು ಎರಡು ಅಂಗಿ ಹೋಯ್ತು. ನಿಂದೆಷ್ಟು?”

ಗುಂಡಿಯಮ್ಮ ಡಬ್ಬಿಯಿಂದ ಒಂದು ಗುಂಡಿ ತೆಗೆದು ಆ ಅಂಗಿಗೆ ಕೈಯಲ್ಲೇ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿದಳು.

“ಮೂರು,” ಎಂದಳು. “ಮೂರು ಅಂಗಿ ಹೋಯ್ತು ನಂದು, ಹಾಳಾದ್ದು. ಏಳ್ರೇ ಎಲ್ಲಾ!”

ಊಟ ಮುಗಿಯುವ ಗಂಟೆ ಬಾರಿಸಿದಾಗ ಯಂತ್ರಗಳ ಮುಂದೆ ಯಾರೂ ಇರಲಿಲ್ಲ. ಸಾಲು ಪೂರ್ತಿ ಗಡಿಯಾರನ ಮೇಜಿನ ಮುಂದೆ ನಿಂತಿತ್ತು. ಕೂಗಾಟವಿಲ್ಲ, ಘೋಷಣೆಯಿಲ್ಲ. ಕಾಲರಕ್ಕ ಮುಂದೆ ನಿಂತು ಹೇಳಿದಳು:

“ನಮ್ಮ ಪತ್ರ ವಾಪಸ್ ಕೊಡಿ ಸಾರ್. ನಾವು ಬಿಡಲ್ಲ.”

“ಕೊಟ್ಟ ಪತ್ರ ಕೊಟ್ಟಹಾಗೆ. ಹೋಗಿ, ಹೋಗಿ. ಟೈಮ್ ನೋಡಿ.” ಅವನು ಗಡಿಯಾರ ನೋಡಿದ.

“ರುಜು ಬೀಳೋವರೆಗೆ ಪತ್ರ ನಮ್ದು. ಬೇಕಾದ್ರೆ ನಿಧಿ ಕಚೇರಿ ಕಿಟಕೀಲಿ ಕೇಳಿ.”

“ಸಂಜೆ ಆರಕ್ಕೆ ಲಾರಿ ಬರುತ್ತೆ! ಮಾಲು ಹೋಗ್ಬೇಕು!” ಮತ್ತೆ ಗಡಿಯಾರ.

“ಹೋಗುತ್ತೆ ಸಾರ್. ಪತ್ರ ಕೊಟ್ಟ ತಕ್ಷಣ ಕೂರ್ತೀವಿ,” ಎಂದಳು ಗುಂಡಿಯಮ್ಮ. “ನಿಮ್ಮ ಗಡಿಯಾರ ನೀವೇ ನೋಡ್ಕೊಳ್ಳಿ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಗಡಿಯಾರ ಆ ಸಾಲನ್ನು ಎಣಿಸುವವನಂತೆ ನೋಡಿದ. ಕಾಲರಕ್ಕನನ್ನು ದಾರದ ಮೂಲೆಗೆ ಕಳಿಸಿದರೆ ಸಂಜೆಯೊಳಗೆ ಕಾಲರು ತಿರುವುವವರು ಯಾರು? ಗುಂಡಿ? ತೋಳು? ಅವನ ಮುಖದ ಗಟ್ಟಿತನ ಮೆಲ್ಲಗೆ ಇಳಿಯಿತು. ಖಾನೆಯ ಬೀಗ ತೆಗೆದ, ಆದರೆ ಎಳೆಯಲಿಲ್ಲ. ಕಾಲರಕ್ಕನ ಕಡೆ ಬಾಗಿ, ಉಳಿದವರಿಗೆ ಕೇಳಿಸದಂತೆ ಕೇಳಿದ:

“ಅಲ್ಲಮ್ಮಾ, ಆ ಐದು ವರ್ಷದ್ದು... ಸೂಪರ್‌ವೈಸರ್‌ಗಳಿಗೂ ಇರುತ್ತಾ?”

“ಸಂಬಳದಲ್ಲಿ ಹಿಡೀತಾರಾ ನಿಮ್ಗೆ?”

“ಹಿಡೀತಾರೆ.”

“ನೀವೂ ಕೊಯ್ಲು ಮಾಡಿದೀರಾ?”

ಅವನು ಎರಡು ಬೆರಳು ತೋರಿಸಿದ. ಖಾನೆ ಎಳೆದ. ಹೆಂಗಸರ ಪತ್ರಗಳನ್ನು ಒಂದೊಂದಾಗಿ ಕೊಟ್ಟ. ಎಲ್ಲ ಮುಗಿದ ಮೇಲೆ ತಳದಲ್ಲಿ ಇನ್ನೊಂದು ಪತ್ರ ಉಳಿದಿತ್ತು, ಅವನದೇ ಸಹಿಯದ್ದು. ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, “ಏನ್ ನೋಡ್ತಾ ನಿಂತಿದೀರಿ? ಟೈಮ್ ಎಷ್ಟಾಯ್ತು!” ಎಂದು ಅಬ್ಬರಿಸಿದ.

ಲಾರಿ ಆರಕ್ಕೆ ಬಂತು. ಮಾಲು ಸಿದ್ಧವಿತ್ತು. ಮ್ಯಾನೇಜರು ರುಜು ಹಾಕಲು ಪೆನ್ನು ತೆಗೆದು, ಖಾಲಿ ಖಾನೆ ನೋಡಿ, ಗಡಿಯಾರನ ಮುಖ ನೋಡಿ, ಪೆನ್ನು ಜೇಬಿಗಿಟ್ಟುಕೊಂಡು ಹೋದರಂತೆ.

ಶುಲ್ಕ ಗಡುವಿನೊಳಗೆ ಕಟ್ಟಿಯಾಯಿತು. ಮಗಳು ಬಿಳಿಯ ಸಮವಸ್ತ್ರದಲ್ಲಿ ಕಾಲೇಜಿಗೆ ಹೋದಳು. ಅದರ ಕಾಲರನ್ನು ತಾಯಿ ಎರಡು ಸಲ ತಿರುವಿ ನೋಡಿ, ಹೊಲಿದವರನ್ನು ಬೈದು, ಬಿಚ್ಚಿ ಮತ್ತೆ ಹೊಲಿದಿದ್ದಳು. ಐದು ವರ್ಷ ತುಂಬಿದ ದಿನ ಗುಂಡಿಯಮ್ಮ ಸಾಲಿಗೆಲ್ಲ ಸಿಹಿ ಹಂಚಿದಳು. “ಕೈಗೆ ಬಿಡಿಗಾಸು ಬರದ ದಿನ ಸಿಹಿ ಹಂಚ್ತಿರೋದು ಇದೇ ಮೊದಲು,” ಎಂದಳು. ಎಲ್ಲರಿಗಿಂತ ದೊಡ್ಡ ತುಂಡು ಗಡಿಯಾರ ತೆಗೆದುಕೊಂಡ. ಮುಂದಿನ ತಿಂಗಳ ಕೂಲಿ ಹಳೆಯ ನಂಬರಿನ ಮೇಲೆ ಏರಿ ಬಂತು. ಆ ಕಾರ್ಖಾನೆಯಲ್ಲಿ ಕೊಯ್ಲು ಎಂಬ ಮಾತು ಈಗ ಬೈಗುಳವಾಗಿ ಉಳಿದಿದೆ. ದುಡುಕಿ ಏನಾದರೂ ಹಾಳುಮಾಡಿದವಳಿಗೆ ‘ಕೊಯ್ಲು ಮಾಡ್ಕೊಂಡ್ಯಾ?’ ಎನ್ನುತ್ತಾರೆ.

ಇತ್ತ ಶಾಲೆಯಲ್ಲಿ ಲಸಾಅ ಟೀಚರ್ ಶನಿವಾರದ ಕೊನೆಯ ಅವಧಿಯನ್ನು ಕೇಳಿ ಪಡೆದರು. ಮುಖ್ಯೋಪಾಧ್ಯಾಯಿನಿ ಮೊದಲು ಒಪ್ಪಿರಲಿಲ್ಲ.

“ಸಂಬಳ, ನಿಧಿ, ಬಡ್ಡಿ, ಇದೆಲ್ಲ ಪಠ್ಯದಲ್ಲಿಲ್ಲ ಮೇಡಂ.”

“ತೊಟ್ಟಿ ಇದೆಯಲ್ಲ?”

“ತೊಟ್ಟಿ ಇದೆ.”

“ನಾನು ತೊಟ್ಟಿ ಲೆಕ್ಕಾನೇ ಮಾಡೋದು. ಈ ಸಲ ಪೂರ್ತಿ ಮಾಡ್ತೀನಿ.” ಅಣ್ಣನಿಂದ ತಮ್ಮ ನಿಧಿಯ ಕಾಗದಗಳನ್ನೆಲ್ಲ ಟೀಚರ್ ಅಷ್ಟರಲ್ಲಿ ವಾಪಸು ತರಿಸಿಕೊಂಡಾಗಿತ್ತು. ಅಣ್ಣ ಸ್ವಲ್ಪ ಮುನಿಸಿಕೊಂಡಿದ್ದ. ಅದು ಲೆಕ್ಕಕ್ಕೆ ಬೇಡದ ವಿಷಯ.

ಮೊದಲ ಶನಿವಾರ ಕಾಲರಕ್ಕನಿಗೂ ಬರಲು ಹೇಳಿದ್ದರು. ಎಲ್ಲಿ ಕೂರಬೇಕೆಂದು ಯಾರೂ ಹೇಳದೆಯೇ ಅವಳು ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಪಕ್ಕದ ಹುಡುಗಿ ಸರಿದು ಜಾಗ ಕೊಟ್ಟು, ಈ ದೊಡ್ಡವಳು ಯಾಕೆ ಬಂದಳೆಂದು ಓರೆಗಣ್ಣಿನಲ್ಲಿ ನೋಡಿದಳು. ಟೀಚರ್ ಹಲಗೆಯ ಮೇಲೆ ಚೌಕ ಬರೆದರು. ಎರಡು ನಲ್ಲಿ ಬರೆದರು. ತಳದಲ್ಲಿ ತೂತು ಬರೆದರು. ತರಗತಿ ಅಭ್ಯಾಸಬಲದಿಂದ ಆಕಳಿಸಿತು.

“ಲೆಕ್ಕ ಆಮೇಲೆ. ಮೊದಲು ಒಂದು ಪ್ರಶ್ನೆ,” ಎಂದರು ಟೀಚರ್. ಸೀಮೆಸುಣ್ಣ ಚೌಕವನ್ನು ಟಕಟಕ ತಟ್ಟಿತು. “ಈ ತೊಟ್ಟಿ ಯಾರದು?”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಸ್ತಕದಲ್ಲಿ ಅದಿರಲಿಲ್ಲ. ಕೊನೆಯ ಬೆಂಚಿನಿಂದ ಚಪ್ಪಟೆ ಬೆರಳಿನ ಒಂದು ಕೈ ನೇರವಾಗಿ ಮೇಲೆದ್ದಿತು.

“ನಂದು ಟೀಚರ್.”

“ಸರಿ,” ಎಂದರು ಲಸಾಅ ಟೀಚರ್. “ಈಗ ಎಲ್ಲಾರೂ ಬರ್ಕೊಳ್ಳಿ.”